ಹಂಚಿನಗುಡ್ಡದ ಸೋರಿಕೆ

ಗಾಳಿಯನ್ನೂ ಬಿಸಿಲನ್ನೂ ಹೇಳಿ ಕಳಿಸಿ ಕರೆಸುವಂತಿಲ್ಲ. ಅವು ತಮಗೆ ತೋಚಿದಾಗ ಬರುತ್ತವೆ, ತೋಚಿದಾಗ ಹೋಗುತ್ತವೆ. ಕಲ್ಲಿದ್ದಲಿನ ಸ್ಥಾವರಗಳನ್ನೆಲ್ಲ ಮುಚ್ಚಿದ ಮೇಲೆ ಈ ಸಣ್ಣ ಸಂಗತಿಯನ್ನು ಸರ್ಕಾರ ಗಂಭೀರವಾಗಿ ತೆಗೆದುಕೊಳ್ಳಬೇಕಾಯಿತು. ಕೊಪ್ಪಳದ ಬಯಲಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಸೌರಫಲಕಗಳು ಕೊಡುವ ವಿದ್ಯುತ್ತನ್ನು ತೆಗೆದುಕೊಳ್ಳುವವರೇ ಇರುತ್ತಿರಲಿಲ್ಲ. ಆಷಾಢದಲ್ಲಿ ಗಾಳಿ ಭರ್ರೆಂದು ಬೀಸುವಾಗಲೇ ಗಾಳಿಯಂತ್ರಗಳನ್ನು ನಿಲ್ಲಿಸಿ ಇಡಬೇಕಾಗುತ್ತಿತ್ತು. ಕಾರ್ತೀಕ ಬಂತೆಂದರೆ ಗಾಳಿ ಬಿದ್ದುಹೋಗುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿದು ವಾರಗಟ್ಟಲೆ ಮೋಡ ಕವಿದಿರುತ್ತಿತ್ತು. ಆಗ ಎಲ್ಲರಿಗೂ ಏಪ್ರಿಲ್ ತಿಂಗಳ ನೆನಪಾಗುತ್ತಿತ್ತು.

ಬ್ಯಾಟರಿಗಳಿದ್ದವು. ಸಂಜೆಯ ದೀಪಕ್ಕೆ, ಬೆಳಗಿನ ನಲ್ಲಿನೀರಿಗೆ ಅವು ಸಾಕಾಗುತ್ತಿದ್ದವು. ಆದರೆ ಏಪ್ರಿಲ್‌ನ ಬಿಸಿಲನ್ನು ನವೆಂಬರ್‌ವರೆಗೆ ಹಿಡಿದಿಡಲು ಬ್ಯಾಟರಿ ಕೊಳ್ಳುವುದೆಂದರೆ ವರ್ಷಕ್ಕೊಮ್ಮೆ ಉಡುವ ಸೀರೆಗಾಗಿ ಮನೆ ತುಂಬ ಬೀರು ಮಾಡಿಸಿದ ಹಾಗೆ. ಅದೂ ಅಲ್ಲದೆ ಬ್ಯಾಟರಿಗೆ ದುಡಿದರೂ ವಯಸ್ಸಾಗುತ್ತದೆ, ಸುಮ್ಮನೆ ಕೂತರೂ ವಯಸ್ಸಾಗುತ್ತದೆ. ಲೆಕ್ಕ ಹಾಕಿದವರು ಹಾಕಿ ಹಾಕಿ ಸುಸ್ತಾಗಿ, ತಿಂಗಳುಗಟ್ಟಲೆ ಇಡುವ ಕೆಲಸಕ್ಕೆ ಇದಾಗದು ಎಂದು ಕೈಬಿಟ್ಟರು. ಆಗ ಯಾರೋ ಒಂದು ಪ್ರಶ್ನೆ ಕೇಳಿದರು. ಗುಡ್ಡವನ್ನೇ ಕಾಯಿಸಿ ಇಟ್ಟರೆ ಹೇಗೆ?

ಗವಿಹಾಳ ಊರಿನ ಬೆನ್ನಿಗಿದ್ದ ಗವಿಗುಡ್ಡ ಒಂದೇ ಅಖಂಡ ಗ್ರಾನೈಟ್ ಬಂಡೆ. ಅದರ ನೆತ್ತಿಯಿಂದ ಒಡಲಿನವರೆಗೆ ಸಾಲುಸಾಲಾಗಿ ತೂತು ಕೊರೆದು, ಒಳಗೆ ಕಾಯುವ ಸರಳುಗಳನ್ನು ಇಳಿಬಿಟ್ಟರು. ಯಾರಿಗೂ ಬೇಡವಾದ ವಿದ್ಯುತ್ತೆಲ್ಲ ಆ ಸರಳುಗಳಿಗೆ ಹೋಗುತ್ತಿತ್ತು. ಬೇಸಿಗೆ ಮತ್ತು ಮಳೆಗಾಲ ಕಳೆಯುವಷ್ಟರಲ್ಲಿ ಗುಡ್ಡದ ಒಡಲು ಕೆಂಡದಂತೆ ಕಾದಿರುತ್ತಿತ್ತು. ಕಾರ್ತೀಕದಲ್ಲಿ ಅದೇ ತೂತುಗಳ ಮೂಲಕ ಗಾಳಿ ಹಾಯಿಸಿ, ಕಾದ ಗಾಳಿಯಿಂದ ನೀರನ್ನು ಆವಿ ಮಾಡಿ, ಆವಿಯಿಂದ ಟರ್ಬೈನ್ ತಿರುಗಿಸುತ್ತಿದ್ದರು. ನೂರು ಯೂನಿಟ್ ಒಳಗೆ ಹಾಕಿದರೆ ನಲವತ್ತು ವಾಪಸು ಬರುತ್ತಿತ್ತು. ಉಳಿದದ್ದು ಕಾಪಿಟ್ಟುಕೊಂಡದ್ದರ ಬೆಲೆ. ಹೇಗೂ ಬಿಸಾಡುತ್ತಿದ್ದ ವಿದ್ಯುತ್ತಾದ್ದರಿಂದ ಆ ಬೆಲೆ ಯಾರಿಗೂ ಹೆಚ್ಚೆನ್ನಿಸಲಿಲ್ಲ.

ಬೆಲೆಯಲ್ಲಿ ಇನ್ನೊಂದು ಪಾಲಿತ್ತು. ಅದನ್ನು ಗವಿಹಾಳದವರು ಕೊಡುತ್ತಿದ್ದರು, ಯಾರೂ ಅದನ್ನು ಅಳೆದಿರಲಿಲ್ಲ. ಕೆಲವು ವರ್ಷಗಳಲ್ಲಿ ಊರಿನ ಬಾವಿಯ ನೀರು ಬೆಚ್ಚಗಾಯಿತು. ಮಡಕೆಯಲ್ಲಿಟ್ಟ ನೀರು ತಣ್ಣಗಾಗುವುದನ್ನು ಬಿಟ್ಟಿತು. ಹೆಪ್ಪು ಹಾಕಿದ ಹಾಲು ಮೊಸರಾಗುವ ಮೊದಲೇ ಹುಳಿಯಾಗುತ್ತಿತ್ತು. ಎಮ್ಮೆಗಳು ಗುಡ್ಡದ ನೆರಳಿಗೆ ಹೋಗಲು ಒಪ್ಪುತ್ತಿರಲಿಲ್ಲ. ಬೇಸಿಗೆಯಲ್ಲಿ ಜನ ಹಾಸಿಗೆ ಸುತ್ತಿಕೊಂಡು ಹೊಲಗಳ ಕಡೆ ಮಲಗಲು ಹೋದರು. ಸರ್ಕಾರ ಮನೆಗೊಂದು ಫ್ಯಾನು ಕೊಟ್ಟು ಕೈತೊಳೆದುಕೊಂಡಿತು. ಬಾಣಂತಿಯರಿಗೆ ಮಾತ್ರ ಒಳ್ಳೆಯದಾಯಿತು, ಸ್ನಾನದ ನೀರು ಕಾಯಿಸುವ ಕೆಲಸವೇ ಇರಲಿಲ್ಲ. ಜನ ಬೈದುಕೊಂಡರು, ಆಮೇಲೆ ಒಗ್ಗಿಕೊಂಡರು, ಕೊನೆಗೆ ಗುಡ್ಡದ ಹೆಸರನ್ನೇ ಬದಲಿಸಿ, ಒಲೆಯ ಮೇಲಿನ ಹಂಚಿಗೆ ಹೋಲಿಸಿ ಹಂಚಿನಗುಡ್ಡ ಎಂದು ಕರೆಯತೊಡಗಿದರು. ಕಾಗದಪತ್ರಗಳಲ್ಲಿ ಮಾತ್ರ ಅದು ಗವಿಗುಡ್ಡ ಉಷ್ಣ ಸಂಗ್ರಹಾಗಾರವಾಗಿಯೇ ಉಳಿಯಿತು.

ಶಿವಲೀಲಾ ಹಾದಿಮನಿ ಅಲ್ಲಿಗೆ ಎಂಜಿನಿಯರಾಗಿ ಬಂದದ್ದು ಒಂದು ಬೇಸಿಗೆಯಲ್ಲಿ. ಯಲಬುರ್ಗಾ ಕಡೆಯವಳು, ಮೂವತ್ತರ ಆಸುಪಾಸು. ಗುಡ್ಡದ ಒಳಗೆ ಹೂತಿದ್ದ ಉಷ್ಣಮಾಪಕಗಳನ್ನು ನೋಡಿಕೊಳ್ಳುವುದು, ಎಷ್ಟು ಒಳಹೋಯಿತು, ಎಷ್ಟು ಸೋರಿತು ಎಂದು ಲೆಕ್ಕ ಇಡುವುದು ಅವಳ ಕೆಲಸ. ಊರಿನಲ್ಲಿ ಫಕೀರವ್ವ ಮ್ಯಾಗೇರಿ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಫಕೀರವ್ವನಿಗೆ ಐವತ್ತೈದಾಗಿರಬಹುದು. ಊರಿನ ಹೆಂಗಸರ ಜೊತೆ ಸೇರಿ ಕಡಕ್ ರೊಟ್ಟಿ ಮಾಡಿ ಪೇಟೆಗೆ ಕಳಿಸುತ್ತಿದ್ದಳು. ಬೆಳಿಗ್ಗೆ ಬುಟ್ಟಿ ಹೊತ್ತು ರೊಟ್ಟಿ ಕೇಂದ್ರಕ್ಕೆ ಎಂದು ಹೊರಟರೆ ಹೊತ್ತು ಇಳಿದ ಮೇಲೆ ಮನೆಗೆ ಬರುತ್ತಿದ್ದಳು. ಕೇಂದ್ರ ಎಲ್ಲಿದೆ ಎಂದು ಶಿವಲೀಲಾ ಕೇಳಲಿಲ್ಲ, ಫಕೀರವ್ವನೂ ಹೇಳಲಿಲ್ಲ. ಊಟಕ್ಕೆ ದಿನವೂ ಕಡಕ್ ರೊಟ್ಟಿ ಸಿಗುತ್ತಿತ್ತು. ಎಲ್ಲೂ ಒಂದು ಕಪ್ಪು ಚುಕ್ಕೆಯಿಲ್ಲದ, ಹಪ್ಪಳದಷ್ಟು ತೆಳ್ಳಗಿನ ಬಿಳಿ ರೊಟ್ಟಿ. ತಿನ್ನುವವರು ಅದರ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ.

ತಲೆ ಕೆಡಿಸಿದ್ದು ಗುಡ್ಡದ ಪಡುವಣ ಮಗ್ಗುಲು. ಅಲ್ಲಿ ಎಲ್ಲೋ ಶಾಖ ಸೋರುತ್ತಿತ್ತು. ಸೋರಿಕೆ ಹೊಸದಲ್ಲ, ಆದರೆ ಅದರ ರೀತಿ ಯಾರಿಗೂ ಅರ್ಥವಾಗಿರಲಿಲ್ಲ. ಬೆಳಿಗ್ಗೆ ಶುರುವಾಗಿ ಸಂಜೆಗೆ ನಿಂತುಹೋಗುತ್ತಿತ್ತು. ಕಲ್ಲಿನ ಬಿರುಕು ಕಚೇರಿಯ ವೇಳೆ ಪಾಲಿಸುವುದನ್ನು ಯಾರೂ ಕೇಳಿರಲಿಲ್ಲ. ಹಗಲಿನ ಬಿಸಿಲಿಗೆ ಬಂಡೆ ಹಿಗ್ಗಿ ಬಿರುಕು ತೆರೆದುಕೊಳ್ಳುತ್ತದೆ ಎಂದು ಮೊದಲಿದ್ದ ಎಂಜಿನಿಯರ್ ಬರೆದಿಟ್ಟು ಹೋಗಿದ್ದ. ಮೋಡ ಕವಿದ ದಿನವೂ ಅದು ಹಾಗೇ ತೆರೆದುಕೊಳ್ಳುತ್ತಿತ್ತು ಎಂಬುದನ್ನು ಅವನು ಬರೆದಿರಲಿಲ್ಲ.

ನಿಯಂತ್ರಣ ಕೊಠಡಿಯ ಮುಖ್ಯಸ್ಥ ಮೊಹಸಿನ್ ಅತ್ತಾರ ಮಿತಭಾಷಿ. ನಿವೃತ್ತಿ ಹತ್ತಿರದಲ್ಲಿದ್ದ ಅವರಿಗೆ ಒಂದೇ ಚಿಂತೆ. ದೀಪಾವಳಿಯ ಹೊತ್ತಿಗೆ ವಿದ್ಯುತ್ ಆಯೋಗದವರು ಬಂದು ಗುಡ್ಡದ ಕ್ಷಮತೆ ನೋಡುವವರಿದ್ದರು. ಸೋರಿಕೆ ಮಿತಿ ಮೀರಿದ್ದರೆ ಗುಡ್ಡವನ್ನು ಆರಲು ಬಿಟ್ಟು ಬೀಗ ಹಾಕುತ್ತಾರೆ. ಅಷ್ಟು ದೊಡ್ಡ ಬಂಡೆ ಪೂರ್ತಿ ಆರಲು ನೂರು ವರ್ಷವಾದರೂ ಬೇಕು ಎಂದು ಅತ್ತಾರರು ಹೇಳುತ್ತಿದ್ದರು. ಮುಚ್ಚಿದರೂ ಗವಿಹಾಳದ ಬಾವಿ ತಣ್ಣಗಾಗುವುದಿಲ್ಲ, ದೀಪ ಮಾತ್ರ ಹೋಗುತ್ತದೆ.

ಶ್ರಾವಣ ಬಂತು. ಮನೆಮನೆಯಲ್ಲೂ ರೊಟ್ಟಿ ಬಡಿದು ಹಂಚುವ ರೊಟ್ಟಿ ಹಬ್ಬದ ದಿನ ಪಡುವಣ ಮಗ್ಗುಲಿನ ಸೋರಿಕೆ ಎಂದಿಗಿಂತ ಹೆಚ್ಚಾಯಿತು. ಅತ್ತಾರರು ಹಣೆ ಒತ್ತಿಕೊಂಡು ಮನೆಗೆ ಹೋದರು. ಮಾರನೆಯ ದಿನ ಪರದೆಯ ಮೇಲಿನ ಗೆರೆ ನೆಲ ಹಿಡಿದು ಮಲಗಿತ್ತು. ಬೆಳಿಗ್ಗೆಯೂ ಏಳಲಿಲ್ಲ, ಮಧ್ಯಾಹ್ನವೂ ಏಳಲಿಲ್ಲ. ಮಾಪಕ ಕೆಟ್ಟಿರಬೇಕೆಂದು ಅತ್ತಾರರು ಬದಲಿ ಮಾಪಕ ತರಿಸಲು ಹೊರಟರು. ಶಿವಲೀಲಾ ಗೆರೆಯನ್ನೇ ನೋಡುತ್ತ ಕೂತಿದ್ದಳು. ಹಬ್ಬವಾದ್ದರಿಂದ ಬೆಳಿಗ್ಗೆ ಫಕೀರವ್ವ ಅವಳ ಡಬ್ಬಿಗೆ ಅಳ್ಳಿಟ್ಟು, ಶೇಂಗಾ ಉಂಡಿ ತುಂಬಿ ಕೊಟ್ಟಿದ್ದಳು. ರೊಟ್ಟಿ ಇರಲಿಲ್ಲ. ಇರುವಂತೆಯೂ ಇರಲಿಲ್ಲ.

"ಸರ್, ಮಾಪಕ ನೆಟ್ಟಗ ಐತ್ರಿ," ಎಂದಳು. "ಇವತ್ತ ನಾಗರ ಪಂಚಮಿ. ಇವತ್ತ ಯಾರೂ ಒಲಿ ಮ್ಯಾಲ ಹಂಚ ಇಡೂದಿಲ್ಲ."

ಹಂಚಿಗೂ ಗುಡ್ಡಕ್ಕೂ ಏನು ಸಂಬಂಧ ಎಂದು ಅತ್ತಾರರು ಕೇಳಿದರು. ಅದನ್ನು ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎಂದು ಅವಳು ಎದ್ದಳು. ಹಿಂದಿನ ಎಂಜಿನಿಯರನಿಗೆ ಇದು ಹೊಳೆಯದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಅವನು ಪಂಚಮಿಗೆ ರಜೆ ಹಾಕಿ ತನ್ನೂರಿಗೆ ಹೋಗುತ್ತಿದ್ದ.

ಪಡುವಣ ಮಗ್ಗುಲು ಸಂಗ್ರಹಾಗಾರದ ಬೇಲಿಯ ಒಳಗಿನ ಜಾಗ. ಬೇಲಿಯ ತಂತಿಯನ್ನು ಒಂದು ಕಡೆ ಮೇಲೆತ್ತಿ ಕಟ್ಟಿದ್ದರು, ಬುಟ್ಟಿ ಹೊತ್ತವರು ಬಗ್ಗದೆ ದಾಟುವಷ್ಟು ಎತ್ತರಕ್ಕೆ. ಆಚೆ ಒಂದು ದೊಡ್ಡ ಹಾಸುಬಂಡೆ, ಅದರ ಮಧ್ಯೆ ಉದ್ದಕ್ಕೆ ಒಂದು ಬಿರುಕು. ಬಿರುಕಿನ ಬಾಯಿಗೆ ಸಾಲಾಗಿ ಹಂಚುಗಳನ್ನು ಕೂಡಿಸಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಹಂಚಿನಿಂದ ತೆಗೆದ ರೊಟ್ಟಿಯನ್ನು ಬಂಡೆಗೆ ಒರಗಿಸಿ ನಿಲ್ಲಿಸಿದರೆ ನಿಂತಲ್ಲೇ ಕಡಕ್ ಆಗುತ್ತಿತ್ತು. ಕಟ್ಟಿಗೆಯಿಲ್ಲ, ಹೊಗೆಯಿಲ್ಲ, ಬೂದಿಯಿಲ್ಲ. ಕೊರಳಿನಲ್ಲಿ ಗುರುತಿನ ಚೀಟಿ ತೂಗುಬಿಟ್ಟುಕೊಂಡು ನಿಂತ ಶಿವಲೀಲಾಳನ್ನು ಕಂಡು ಬಡಿಯುವ ಸದ್ದೆಲ್ಲ ನಿಂತಿತು. ಫಕೀರವ್ವ ಮಾತ್ರ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ತಲೆಯೆತ್ತಿದಳು. ಕುಂದ್ರು ಎಂದಳು.

ವಿಷಯ ಸುಲಭವಾಗಿತ್ತು. ಐದಾರು ವರ್ಷದ ಹಿಂದೆ ದನ ಹುಡುಕಿಕೊಂಡು ಬಂದವಳೊಬ್ಬಳ ಕಾಲು ಈ ಬಿರುಕಿನ ಹತ್ತಿರ ಸುಟ್ಟಿತ್ತು. ಸುಡುವ ಕಲ್ಲು ಕಂಡರೆ ರೊಟ್ಟಿಯವರಿಗೆ ಏನು ಹೊಳೆಯಬೇಕೋ ಅದೇ ಹೊಳೆದಿತ್ತು. ಮೂವತ್ತು ವರ್ಷ ಕಟ್ಟಿಗೆಯ ಹೊಗೆ ಕುಡಿದ ಫಕೀರವ್ವನ ಕೆಮ್ಮು ಇಲ್ಲಿಗೆ ಬಂದ ಮೇಲೆ ನಿಂತಿತ್ತು. ಬಿಳಿ ರೊಟ್ಟಿಗೆ ಹುಬ್ಬಳ್ಳಿ, ಸೊಲ್ಲಾಪುರದಿಂದ ಬೇಡಿಕೆ ಬಂತು. ಊರಿನ ಸುಮಾರು ಮನೆಗಳು ಈ ಬಿರುಕಿನ ಮೇಲೆಯೇ ನಿಂತಿದ್ದವು. ಸಂಜೆ ಕೆಲಸ ಮುಗಿದ ಮೇಲೆ ಬಿರುಕಿನ ಬಾಯಿಗೆ ಕೆಮ್ಮಣ್ಣು ಸಗಣಿ ಮೆತ್ತಿ ಮುಚ್ಚಿ ಹೋಗುತ್ತಿದ್ದರು. ಯಾಕೆ ಮುಚ್ಚುತ್ತೀರಿ ಎಂದು ಶಿವಲೀಲಾ ಕೇಳಿದ್ದಕ್ಕೆ ಹೆಂಗಸರು ಅವಳ ತಾಯಿ ಏನು ಕಲಿಸಿದ್ದಾಳೆ ಎಂಬಂತೆ ನೋಡಿದರು.

"ಒಲಿ ತೆರದಿಟ್ಟು ಯಾರರ ಮನಿಗೆ ಹೋಗ್ತಾರನ?" ಎಂದಳು ಫಕೀರವ್ವ.

ಶಿವಲೀಲಾಗೆ ನಗು ಬಂತು. ಮುಚ್ಚಿಟ್ಟುಕೊಳ್ಳುವ ಸ್ವಭಾವ ಅವಳದಲ್ಲ. ಅಲ್ಲೇ ಕೂತು ಹೇಳಿದಳು. ಇಲ್ಲಿ ಹೋಗುವ ಶಾಖ ಕಾರ್ತೀಕದಲ್ಲಿ ಕಡಿಮೆ ಬೀಳುತ್ತದೆ. ಗುಡ್ಡ ಎಷ್ಟು ಬೇಗ ಆರುತ್ತದೋ ಅಷ್ಟು ಬೇಗ ಒಂದು ತಾಲ್ಲೂಕಿಗೆ ಸಂಜೆಯ ಹೊತ್ತು ದೀಪ ಇರುವುದಿಲ್ಲ. ಆ ತಾಲ್ಲೂಕಿನಲ್ಲಿ ಗವಿಹಾಳವೂ ಇದೆ. ಜೊತೆಗೆ ಆಯೋಗದವರು ಗುಡ್ಡವನ್ನೇ ಮುಚ್ಚಬಹುದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಳಿದ್ದು ಫಕೀರವ್ವ ಒಬ್ಬಳೇ. ನಿಮ್ಮ ಸಾಹೇಬರಿಗೆ ಹೇಳುತ್ತೀಯಾ ಎಂದು. ಹೇಳಲೇಬೇಕಾಗುತ್ತದೆ ಎಂದಳು ಶಿವಲೀಲಾ.

ಅತ್ತಾರರಿಗೆ ಕೇಳಿದ ಕೂಡಲೇ ಪರಿಹಾರ ಸಿಕ್ಕಿತು. ಬಿರುಕಿಗೆ ಸಿಮೆಂಟ್ ಗಾರೆ ಇಳಿಸಿಬಿಟ್ಟರಾಯಿತು. ಅವರು ಕೆಟ್ಟವರಲ್ಲ, ರೊಟ್ಟಿಯವರ ಮೇಲೆ ಪೊಲೀಸರಿಗೆ ದೂರು ಕೊಡುವ ಮಾತನ್ನು ಯಾರೋ ಎತ್ತಿದಾಗ ಗದರಿ ಸುಮ್ಮನಾಗಿಸಿದರು. ಆದರೆ ಸೋರಿಕೆ ಸೋರಿಕೆಯೇ. ಶಿವಲೀಲಾ ಒಂದು ವಾರದ ಗಡುವು ಕೇಳಿಕೊಂಡಳು.

ಅವಳಿಗೆ ಹೊಳೆದ ಉಪಾಯ ಚೊಕ್ಕವಾಗಿತ್ತು. ಸೋರಿಕೆ ಎಂದರೆ ಯಾರಿಗೂ ಉಪಯೋಗಕ್ಕೆ ಬಾರದೆ ಹೋದ ಶಾಖ. ಇಲ್ಲಿಯದು ಉಪಯೋಗಕ್ಕೆ ಬರುತ್ತಿದೆ, ಅದರಿಂದ ರೊಟ್ಟಿ ಬೇಯುತ್ತಿದೆ. ಬಿರುಕಿನ ಬಾಯಿಗೆ ಒಂದು ಮೀಟರು ಕೂಡಿಸಿ, ಅಷ್ಟು ಶಾಖವನ್ನು ಸಂಗ್ರಹಾಗಾರ ಊರಿಗೆ ಕೊಟ್ಟ ಸೇವೆ ಎಂದು ಬರೆದರೆ ಸೋರಿಕೆಯ ಅಂಕಿ ಇಳಿಯುತ್ತದೆ, ಕ್ಷಮತೆಯ ಅಂಕಿ ಏರುತ್ತದೆ. ಗುಡ್ಡ ಉಳಿಯುತ್ತದೆ, ಬಿರುಕೂ ಉಳಿಯುತ್ತದೆ. ನಿಯಮದಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ವಿದ್ಯುತ್ತನ್ನು ವಿದ್ಯುತ್ತಾಗಿಯೇ ವಾಪಸು ಕೊಡಬೇಕೆಂದು ಎಲ್ಲೂ ಹೇಳಿರಲಿಲ್ಲ. ಅತ್ತಾರರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಚಲೋ ಐತಿ ಎಂದರು. ಅವರ ಬಾಯಿಂದ ಆ ಮಾತು ಬರುವುದು ಅಪರೂಪ.

ಮನೆಯಲ್ಲಿ ಊಟಕ್ಕೆ ಕೂತಾಗ ಶಿವಲೀಲಾ ಇದನ್ನು ಫಕೀರವ್ವನಿಗೆ ಸಂಭ್ರಮದಿಂದ ಬಿಡಿಸಿ ಹೇಳಿದಳು. ಫಕೀರವ್ವ ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಸಂಭ್ರಮ ಬಂದಂತೆ ಕಾಣಲಿಲ್ಲ.

"ಬರೀಬ್ಯಾಡ ತಂಗಿ," ಎಂದಳು. "ಬೇಕಾರ ನಾವು ಅರ್ಧಾ ಬಿರುಕ ಮುಚ್ಚತೀವಿ. ಪಾಳಿ ಮ್ಯಾಲ ಬಡಿತೀವಿ. ನೀ ಮಾತ್ರ ಬರೀಬ್ಯಾಡ."

ಬರೆಯದಿದ್ದರೆ ಯಾರು ಬೇಕಾದರೂ ಬಂದು ಮುಚ್ಚಬಹುದು ದೊಡ್ಡವ್ವ, ಬರೆದಿಟ್ಟರೆ ಮುಟ್ಟುವ ಹಾಗಿಲ್ಲ ಎಂದು ಶಿವಲೀಲಾ ವಿವರಿಸಿದಳು. ಫಕೀರವ್ವನಿಗೆ ಎದುರು ವಾದಿಸಲು ಕಾರಣ ಗೊತ್ತಿರಲಿಲ್ಲ. ಬರೆಸಿಕೊಂಡದ್ದು ಯಾವುದೂ ತನ್ನ ಕಡೆಗೆ ಉಳಿದ ನೆನಪು ಅವಳಿಗಿರಲಿಲ್ಲ, ಅಷ್ಟೇ. ಓದಿದವಳು ಹೇಳುತ್ತಿದ್ದಾಳೆ ಎಂದು ಸುಮ್ಮನಾದಳು.

ದೀಪಾವಳಿಗೆ ಬಂದ ಆಯೋಗದವರು ಬಹಳ ಮೆಚ್ಚಿಕೊಂಡರು. ಬಂಡೆಯ ಮೇಲೆ ನಿಂತು ರೊಟ್ಟಿ ತಿಂದರು, ಶೇಂಗಾ ಚಟ್ನಿ ಎರಡನೆಯ ಸಲ ಹಾಕಿಸಿಕೊಂಡರು, ಫೋಟೋ ತೆಗೆಸಿಕೊಂಡರು. ಗವಿಗುಡ್ಡ ಮಾದರಿ ಎಂಬ ಹೆಸರೇ ಹುಟ್ಟಿತು. ಶಿವಲೀಲಾಳನ್ನು ಕರೆದು ಬೇರೆ ಬೇರೆ ಕಡೆ ಭಾಷಣ ಮಾಡಿಸಿದರು. ಆ ಚಳಿಗಾಲ ಗವಿಹಾಳದಲ್ಲಿ ಎಲ್ಲರಿಗೂ ಒಳ್ಳೆಯದೇ ಆಯಿತು.

ತೊಂದರೆ ಬಂದದ್ದು ಯಾರ ಕೆಟ್ಟತನದಿಂದಲೂ ಅಲ್ಲ. ಸಂಗ್ರಹಾಗಾರಗಳ ಬಗ್ಗೆ ಒಂದು ಹಳೆಯ ನಿಯಮವಿತ್ತು. ಅಲ್ಲಿಂದ ಹೊರಬರುವ, ಲೆಕ್ಕಕ್ಕೆ ಸಿಕ್ಕ ಯಾವ ಶಕ್ತಿಯನ್ನೂ ಬಹಿರಂಗ ಹರಾಜಿನಲ್ಲೇ ಕೊಡಬೇಕು. ಬೇಕಾದವರಿಗೆ ಕದ್ದು ಕೊಡಬಾರದೆಂದು ಮಾಡಿದ ಒಳ್ಳೆಯ ನಿಯಮ ಅದು. ಸೋರಿಕೆಗೆ ಅದು ತಗಲುತ್ತಿರಲಿಲ್ಲ, ಸೋರಿದ್ದನ್ನು ಯಾರು ಹರಾಜು ಹಾಕುತ್ತಾರೆ. ಈಗ ಅದು ಸೋರಿಕೆಯಾಗಿ ಉಳಿದಿರಲಿಲ್ಲ. ಮೀಟರು ಕೂಡಿಸಿ, ಕಾಗದದಲ್ಲಿ ಬರೆದು, ಅದನ್ನು ಸರಕು ಮಾಡಿದ್ದು ಶಿವಲೀಲಾ. ಹರಾಜಿನ ತಿಳುವಳಿಕೆ ಪತ್ರ ರೊಟ್ಟಿಯವರಿಗೂ ಬಂತು, ಅವರೂ ಭಾಗವಹಿಸಬಹುದೆಂದು. ಕಟ್ಟಬೇಕಾದ ಠೇವಣಿ ಓದಿ ಹೆಂಗಸರು ಪತ್ರವನ್ನು ಮಡಿಸಿ ಇಟ್ಟರು. ಅತ್ತಾರರು ಮೇಲಿನವರಿಗೆ ಎರಡು ಪತ್ರ ಬರೆದರು. ಎರಡಕ್ಕೂ ನಯವಾದ ಉತ್ತರ ಬಂತು.

ಹರಾಜು ಹೊರಗಿನ ಒಂದು ತಿಂಡಿ ಕಂಪನಿಗೆ ಆಯಿತು. ಅವರು ಹಾಸುಬಂಡೆಯ ಮೇಲೆ ತಗಡಿನ ಶೆಡ್ಡು ಕಟ್ಟಿದರು. ಬಿರುಕಿನ ಬಾಯಿಗೆ ಉಕ್ಕಿನ ಕೊಳವೆ ಕೂಡಿಸಿ, ಶಾಖವನ್ನು ದೊಡ್ಡ ಫ್ಯಾನಿನಿಂದ ಎಳೆದುಕೊಂಡು, ಓಡುವ ಪಟ್ಟಿಯ ಮೇಲೆ ಚಕ್ಕುಲಿ, ಖಾಕ್ರಾ, ಕಡಕ್ ರೊಟ್ಟಿ ಎಲ್ಲ ಒಣಗಿಸತೊಡಗಿದರು. ಊರಿನ ಕೆಲವು ಹುಡುಗಿಯರಿಗೆ ಪಾಕೀಟು ತುಂಬುವ ಕೆಲಸ ಸಿಕ್ಕಿತು. ಫಕೀರವ್ವನ ವಯಸ್ಸಿನವರನ್ನು ತೆಗೆದುಕೊಳ್ಳಲಿಲ್ಲ. ಬೇಲಿಯ ತಂತಿಯನ್ನು ಇಳಿಸಿ ಬಿಗಿದರು.

ಫಕೀರವ್ವ ಮತ್ತೆ ಕಟ್ಟಿಗೆ ಒಲೆ ಹೂಡಿದಳು. ರೊಟ್ಟಿಯ ಮೇಲೆ ಕಪ್ಪು ಚುಕ್ಕೆಗಳು ಬಂದವು, ಪೇಟೆಯವರು ಕಡಿಮೆ ಕೇಳತೊಡಗಿದರು, ತಿಂಗಳೊಳಗೆ ಕೆಮ್ಮೂ ಬಂತು. ಅವಳು ಶಿವಲೀಲಾಗೆ ಒಂದು ಮಾತೂ ಆಡಲಿಲ್ಲ. ಮೊದಲಿನ ಹಾಗೇ ಬಡಿಸುತ್ತಿದ್ದಳು, ಸೀದ ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡು ಚಲೋದನ್ನು ಅವಳಿಗೆ ಹಾಕುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಶಿವಲೀಲಾಗೆ ನಾಚಿಕೆಯಾಗುತ್ತಿತ್ತು. ಬೇರೆ ಕಡೆ ಮನೆ ನೋಡೋಣವೆಂದು ಒಂದು ದಿನ ಅಂದುಕೊಂಡಳು, ಅದು ಇನ್ನೂ ದೊಡ್ಡ ನಾಚಿಕೆಯೆನ್ನಿಸಿ ಬಿಟ್ಟಳು. ಕೊನೆಗೆ ಒಲೆಯ ಮುಂದೆ ಕೂತಿದ್ದ ಫಕೀರವ್ವನಿಗೆ, ತಪ್ಪಾಯಿತು ದೊಡ್ಡವ್ವ ಎಂದಳು.

ಫಕೀರವ್ವ ಊದುಕೊಳವೆ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಹೊಗೆಗೆ.

"ತಪ್ಪ ಅಲ್ಲ ಬಿಡವ್ವಾ. ಬರೀದಿದ್ದಾಗ ಅದು ಗುಡ್ಡದ್ದಿತ್ತು. ಬರದಿ, ಅವರದಾತು."

ಕಂಪನಿಯ ಫ್ಯಾನು ಹಗಲೂ ರಾತ್ರಿ ಓಡುತ್ತಿತ್ತು. ಸಂಜೆ ಬಿರುಕು ಮುಚ್ಚುವವರು ಅಲ್ಲಿರಲಿಲ್ಲ. ಹೆಂಗಸರು ಒಂದು ತಿಂಗಳಲ್ಲಿ ಬಳಸುತ್ತಿದ್ದ ಶಾಖವನ್ನು ಅದು ಒಂದೇ ವಾರದಲ್ಲಿ ಎಳೆದುಕೊಳ್ಳುತ್ತಿತ್ತು, ಆದರೆ ಅಳೆದು ಎಳೆದದ್ದಾದ್ದರಿಂದ ಎಲ್ಲವೂ ಗುಡ್ಡದ ದುಡಿಮೆಯ ಕಡೆಗೆ ಜಮೆಯಾಗುತ್ತಿತ್ತು. ಕಾಗದದ ಮೇಲೆ ಹಂಚಿನಗುಡ್ಡ ಎಂದೂ ಇಷ್ಟು ಚೆನ್ನಾಗಿ ದುಡಿದಿರಲಿಲ್ಲ. ಕಲ್ಲಿಗೆ ಕಾಗದ ಓದಲು ಬರುವುದಿಲ್ಲ. ಪಡುವಣ ಮಗ್ಗುಲು ಬೇಗ ಬೇಗ ತಣಿಯಿತು, ಮೂಡಣ ಮಗ್ಗುಲು ಕಾದೇ ಇತ್ತು. ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿದರೆ ಎಂಥ ಬಂಡೆಯಾದರೂ ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ.

ಮುಂದಿನ ಆಷಾಢದಲ್ಲಿ ಶಿವಲೀಲಾ ಅದನ್ನು ಪರದೆಯ ಮೇಲೆ ಕಂಡಳು. ಮೂಡಣ ಮಗ್ಗುಲಿನ ಒಂದು ಮಾಪಕದಲ್ಲಿ ಸಣ್ಣ ಬದಲಾವಣೆ. ಕೂದಲೆಳೆಯಷ್ಟು ಬಿರುಕು, ಹೊರಗಿನವರೆಗೆ ಇನ್ನೂ ಬಂದಿಲ್ಲ. ಇಂಥದಕ್ಕೆ ಮಾಡಬೇಕಾದ ಕೆಲಸ ಅವಳಿಗೆ ಗೊತ್ತಿತ್ತು. ಆ ಸಾಲಿನ ಸರಳುಗಳನ್ನು ಕೆಲವು ದಿನ ಆರಿಸಿಟ್ಟರೆ ಕಲ್ಲು ಸಮನಾಗಿ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಗುಂಡಿ ಅವಳ ಕೈಯ ಹತ್ತಿರವೇ ಇತ್ತು. ಹೊರಗೆ ಗಾಳಿ ಜೋರಾಗಿತ್ತು, ಯಾರಿಗೂ ಬೇಡದ ವಿದ್ಯುತ್ತು ಗುಡ್ಡಕ್ಕೆ ಇಳಿಯುತ್ತಿತ್ತು. ಬಿರುಕು ಹೊರಬರುವ ಜಾಗ ಯಾವುದೆಂದು ಅವಳು ನಕಾಶೆಯಲ್ಲಿ ನೋಡಿದಳು. ಬೇಲಿಯ ಹೊರಗೆ, ದನ ಮೇಯಿಸುವ ಗೋಮಾಳದ ಅಂಚು. ನಕಾಶೆ ಮುಚ್ಚಿದಳು. ಆ ದಿನ ಗುಂಡಿ ಒತ್ತಲಿಲ್ಲ, ಮಾರನೆಯ ದಿನವೂ ಒತ್ತಲಿಲ್ಲ. ಆಮೇಲೆ ಒತ್ತಿ ಪ್ರಯೋಜನವಿರಲಿಲ್ಲ.

ಅವಳು ಫಕೀರವ್ವನಿಗೆ ಏನೂ ಹೇಳಲಿಲ್ಲ. ಶ್ರಾವಣ ಕಳೆದು ಭಾದ್ರಪದದಲ್ಲಿ ಒಂದು ದಿನ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಹೊಗೆ ಇರಲಿಲ್ಲ. ತಟ್ಟೆಗೆ ಬಿದ್ದ ರೊಟ್ಟಿ ಬೆಳ್ಳಗಿತ್ತು. ಇಬ್ಬರೂ ಬದನೆಕಾಯಿ ಪಲ್ಯಕ್ಕೆ ಖಾರ ಹೆಚ್ಚಾಯಿತೋ ಇಲ್ಲವೋ ಎಂಬ ವಿಷಯ ಮಾತಾಡಿದರು.

ಆ ಕಾರ್ತೀಕದಲ್ಲಿ ಮೋಡ ಎಂದಿಗಿಂತ ಹೆಚ್ಚು ದಿನ ನಿಂತಿತು. ಗುಡ್ಡ ನಿರೀಕ್ಷೆಗಿಂತ ಬೇಗ ಆರಿತು. ಸಂಜೆ ಹೊತ್ತು ತಾಲ್ಲೂಕಿನಲ್ಲೆಲ್ಲ ದೀಪ ಹೋಗತೊಡಗಿತು, ಪಟ್ಟಣಗಳಲ್ಲಿ ಟ್ಯಾಂಕಿಗೆ ನೀರು ಏರುವುದು ನಿಂತಿತು, ಜನ ರಸ್ತೆಗಿಳಿದರು. ಕ್ಷಮತೆ ಇಷ್ಟು ಚೆನ್ನಾಗಿರುವ ಗುಡ್ಡ ಯಾಕೆ ಆರಿತು ಎಂದು ಆಯೋಗದ ತನಿಖೆಯವರು ಬಂದರು. ಕಂಪನಿ ಎಳೆದುಕೊಂಡದ್ದು ಸೇವೆ, ಅದರ ಕಡೆ ಅವರು ನೋಡುವಂತಿರಲಿಲ್ಲ. ಸೋರಿಕೆಯ ಪ್ರತ್ಯೇಕ ಕಾಲಮಿನಲ್ಲಿ ಒಂದೇ ಒಂದು ಸಣ್ಣ ಅಂಕಿ ಇತ್ತು, ಮೂಡಣ ಮಗ್ಗುಲು. ಎಲ್ಲರ ಬೆರಳೂ ಅದರ ಮೇಲೆ ಬಂದು ನಿಂತಿತು. ಬೆಳಿಗ್ಗೆ ಶುರುವಾಗಿ ಸಂಜೆ ನಿಲ್ಲುವ ಇಂಥದೇ ಒಂದು ಸೋರಿಕೆಯನ್ನು ಹಿಂದೆ ನೀವೇ ಅಲ್ಲವೇ ಹುಡುಕಿದ್ದು ಎಂದು ತನಿಖೆಯವರು ಶಿವಲೀಲಾಳನ್ನು ಕೇಳಿದರು. ಇದನ್ನೂ ಹುಡುಕಿ ಲೆಕ್ಕಕ್ಕೆ ತಂದರೆ ಅವಳ ಬಡ್ತಿಗೆ ತಾವೇ ಶಿಫಾರಸು ಮಾಡುವುದಾಗಿ ಹೇಳಿದರು.

"ಇದರ ಕಾರಣ ನನಗ ಗೊತ್ತಾಗಿಲ್ರಿ," ಎಂದಳು ಶಿವಲೀಲಾ.

ಪ್ರಯತ್ನ ಮಾಡಿದ್ದೀರಾ ಎಂದು ಕೇಳಿದರು. ಮಾಡಿದ್ದೇನೆ ಎಂದಳು. ಗೊತ್ತಾಗಿಲ್ಲ ಎಂದದ್ದು ಆ ಕೊಠಡಿಯಲ್ಲಿ ಕೂತು ಅವಳು ಹೇಳಿದ ಮೊದಲ ಸುಳ್ಳು, ಇದು ಎರಡನೆಯದು. ಅತ್ತಾರರು ಪರದೆಯ ಮೇಲಿನ ಗೆರೆಯನ್ನೂ ಅವಳ ಮುಖವನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು, ಕಾರಣ ತಿಳಿದುಬಂದಿಲ್ಲ ಎಂದು ಬರೆದು ಸಹಿ ಮಾಡಿ, ಸಹಿಗೆ ಅವಳ ಕಡೆ ತಳ್ಳಿದರು. ತನಿಖೆಯವರು ತಮ್ಮ ವರದಿಯಲ್ಲಿ ಎಂಜಿನಿಯರರ ಅಸಮರ್ಥತೆ ಎಂಬ ಮಾತು ಸೇರಿಸಿದರು. ಬಡ್ತಿ ಬೇರೆಯವರಿಗೆ ಹೋಯಿತು. ಅತ್ತಾರರ ನಿವೃತ್ತಿಯ ನಂತರ ಆ ಕುರ್ಚಿ ತನಗೆ ಬರಬೇಕೆಂದು ಅವಳಿಗೆ ಆಸೆಯಿತ್ತು. ಆಸೆ ಹೋದದ್ದಕ್ಕೆ ಅವಳಿಗೆ ದುಃಖವೂ ಆಯಿತು, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಆ ಸಂಜೆ ಅವಳು ಮನೆ ಮುಟ್ಟುವಷ್ಟರಲ್ಲಿ ಊರಿನಲ್ಲಿ ದೀಪ ಹೋಗಿತ್ತು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಸಿಟ್ಟಿನಿಂದ ಪುಸ್ತಕ ಮುಚ್ಚಿದ್ದು ಕೇಳಿಸಿತು. ಈ ಕತ್ತಲಲ್ಲಿ ತನ್ನದೂ ಒಂದು ಪಾಲಿದೆ ಎಂದು ಶಿವಲೀಲಾಗೆ ಗೊತ್ತಿತ್ತು. ಎಷ್ಟು ಪಾಲು ಎಂಬುದೂ ಗೊತ್ತಿತ್ತು, ಅವಳ ಕೆಲಸವೇ ಅದು. ಗೋಡೆಗೆ ಒರಗಿ ಊಟಕ್ಕೆ ಕೂತಳು. ಫಕೀರವ್ವ ಕತ್ತಲಲ್ಲೇ ಬಡಿಸಿದಳು.

"ಯಾಕ ತಂಗಿ, ದಿನಾ ಕರೆಂಟ್ ಹೊಂಟೈತಿ. ನಿಮ್ಮ ಗುಡ್ಡಕ್ಕ ಏನಾಗೇತಿ?"

"ಸೋರಾಕತ್ತೈತಿ ದೊಡ್ಡವ್ವ."

"ಎಲ್ಲಿ?"

"ಗೊತ್ತಿಲ್ಲ."

ಫಕೀರವ್ವ ಕತ್ತಲಲ್ಲಿ ಕೈಯಾಡಿಸಿ ಅವಳ ತಟ್ಟೆ ಎಲ್ಲಿದೆ ಎಂದು ಹುಡುಕಿ, ಇನ್ನೊಂದು ರೊಟ್ಟಿ ಹಾಕಿದಳು.